ಕರಗುವ ಮಣ್ಣು, ಕರಗದ ಇಟ್ಟಿಗೆ

ಚಾಮರಾಜನಗರ ತಾಲ್ಲೂಕಿನ ಕುದೇರು ಹೊರಗಿನವರಿಗೆ ಹಾಲಿನ ಡೇರಿಯ ಊರೆಂದು ಗೊತ್ತು. ಅಂಥ ಊರಿನ ಹಳೆಯ ಬೀದಿಗಳಲ್ಲಿ ನಡೆದರೆ ಒಂದಲ್ಲ ಒಂದು ಪಾಳುಮನೆ ಕಣ್ಣಿಗೆ ಬೀಳುತ್ತದೆ. ಮನೆಯವರು ಮೈಸೂರಿಗೋ ಬೆಂಗಳೂರಿಗೋ ಹೋಗಿರುತ್ತಾರೆ. ಮಾಡಿನ ಹೆಂಚು ಜಾರಿರುತ್ತದೆ, ಒಂದೆರಡು ಮಳೆಗಾಲದೊಳಗೆ ಗೋಡೆ ಮೊಣಕಾಲೆತ್ತರದ ದಿಬ್ಬವಾಗಿರುತ್ತದೆ. ಅದೇ ಗೋಡೆ ಹೆಂಚಿನ ಕೆಳಗೆ ಮೂರು ತಲೆಮಾರು ಅಲುಗದೆ ನಿಂತಿತ್ತು. ಪಕ್ಕದಲ್ಲಿ ಯಾರೋ ಮನೆ ಕಟ್ಟಿ ಉಳಿಸಿದ ಸುಟ್ಟ ಇಟ್ಟಿಗೆಯ ರಾಶಿ ಇರುತ್ತದೆ. ಅದಕ್ಕೆ ಮಾಡೂ ಇಲ್ಲ, ಮರೆಯೂ ಇಲ್ಲ. ಮಳೆಯಲ್ಲಿ ನೆಂದು ಪಾಚಿ ಹಿಡಿಯುತ್ತದೆಯೇ ಹೊರತು ಕರಗುವುದಿಲ್ಲ.

ಎರಡೂ ಮಣ್ಣೇ. ಒಂದನ್ನು ಬಿಸಿಲಿಗೆ ಒಣಗಿಸಿದರು, ಇನ್ನೊಂದನ್ನು ಗೂಡಿನಲ್ಲಿ ಸುಟ್ಟರು. ಹಾಗಾದರೆ ಬೆಂಕಿ ಮಾಡಿದ್ದೇನು? ಸುಟ್ಟರೆ ಗಟ್ಟಿಯಾಗುತ್ತದೆ ಎಂದು ಥಟ್ಟನೆ ಹೇಳುತ್ತೇವೆ. ಆದರೆ ಚೆನ್ನಾಗಿ ಒಣಗಿದ ಹಸಿ ಇಟ್ಟಿಗೆಯೂ ಗಟ್ಟಿಯೇ. ಒಂದಂತಸ್ತಿನ ಮನೆಯ ಭಾರ ಹೊರಲು ಆ ಗಟ್ಟಿತನ ಧಾರಾಳ ಸಾಕು. ಅದು ಸೋಲುವುದು ಭಾರಕ್ಕಲ್ಲ, ನೀರಿಗೆ. ಮಣ್ಣಿಗೂ ನೀರಿಗೂ ನಡುವೆ ನಡೆಯುವುದೇನು ಎಂದು ತಿಳಿದರೆ ಒಂದು ಮನೆಗೆ ಎಷ್ಟು ಸೌದೆ, ಎಷ್ಟು ಕಲ್ಲಿದ್ದಲು, ಎಷ್ಟು ಹೊಲದ ಮೇಲ್ಮಣ್ಣು, ಎಷ್ಟು ಜನರ ಉಸಿರು ಖರ್ಚಾಗಬೇಕು ಎಂಬ ಲೆಕ್ಕವೂ ಬದಲಾಗುತ್ತದೆ. ಅದಕ್ಕೇ ಈ ಅಧ್ಯಾಯ.

ಎಲೆಕಟ್ಟಿನ ಒಳಗೆ

ಹಿಡಿ ಮಣ್ಣನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ. ಮೊದಲು ತಳ ಸೇರುವುದು ಮರಳು. ಅದರ ಮೇಲೆ ನಿಧಾನವಾಗಿ ಕೂರುವುದು ಹೂಳಿನಂಥ ನಯವಾದ ಪುಡಿ. ಮಾರನೆಯ ದಿನವೂ ನೀರನ್ನು ಬಗ್ಗಡವಾಗಿಟ್ಟಿರುವುದು ಜೇಡಿ. ಮಣ್ಣಿಗೆ ಅಂಟು ಬರುವುದು ಈ ಜೇಡಿಯಿಂದ; ಮರಳಿಗಾಗಲಿ ಹೂಳಿಗಾಗಲಿ ಆ ಗುಣ ಇಲ್ಲವೆನ್ನುವಷ್ಟು ಕಡಿಮೆ.

ಜೇಡಿಯ ಕಣ ಎಷ್ಟು ಸಣ್ಣದೆಂದರೆ, ಒಂದು ಮಿಲಿಮೀಟರ್ ಜಾಗದಲ್ಲಿ 500ಕ್ಕೂ ಹೆಚ್ಚು ಕಣಗಳನ್ನು ಸಾಲಾಗಿ ಜೋಡಿಸಬಹುದು. ಅದು ಗುಂಡಗಿರುವುದಿಲ್ಲ, ಚಪ್ಪಟೆ ಚಕ್ಕೆಯಾಗಿರುತ್ತದೆ. ಇಂಥ ಚಕ್ಕೆಗಳು ಒಂದರ ಮೇಲೊಂದು ಕೂತ ರೀತಿಯನ್ನು ಕಣ್ಣಿಗೆ ತಂದುಕೊಳ್ಳಲು ಮೈಸೂರು ಸೀಮೆಯವರಿಗೆ ವೀಳ್ಯದೆಲೆಯ ಕಟ್ಟಿಗಿಂತ ಒಳ್ಳೆಯ ವಸ್ತು ಬೇಡ. ಎಲೆಗಳ ನಡುವೆ ತೆಳು ತೇವ ಇದ್ದರೆ ಅವು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಪಕ್ಕಕ್ಕೆ ಒತ್ತಿದರೆ ಜಾರುತ್ತವೆ. ತುಳಿದು ಹದ ಮಾಡಿದ ಮಣ್ಣು ಕೈ ಹೇಳಿದ ಆಕಾರ ತಾಳುವುದು ಹೀಗೆ ಜಾರುವುದರಿಂದ. ತೇವ ಆರುತ್ತ ಹೋದಂತೆ ಉಳಿದ ನೀರಿನ ಪೊರೆ ಚಕ್ಕೆಗಳನ್ನು ಇನ್ನಷ್ಟು ಹತ್ತಿರಕ್ಕೆ ಎಳೆಯುತ್ತದೆ. ಮಣ್ಣು ಕುಗ್ಗುತ್ತದೆ, ಬಿಗಿಯಾಗುತ್ತದೆ, ಕೆಲವೊಮ್ಮೆ ಬಿರಿಯುತ್ತದೆ. ಆದರೆ ಅದೇ ಕಟ್ಟನ್ನು ದಾರ ಬಿಚ್ಚಿ ಬಕೆಟ್ ನೀರಿಗೆ ಹಾಕಿದರೆ ಎಲೆಗಳು ಒಂದೊಂದಾಗಿ ಬಿಡಿಸಿಕೊಂಡು ತೇಲುತ್ತವೆ.

ನೀರು ಅಷ್ಟು ಸಲೀಸಾಗಿ ಒಳನುಗ್ಗುವುದಕ್ಕೆ ವಿದ್ಯುತ್ತಿನ ಸೆಳೆತ ಕಾರಣ. ಚಕ್ಕೆಯ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ನೀರಿನ ಅಣುವಿನ ಒಂದು ತುದಿ ಧನ, ಇನ್ನೊಂದು ಋಣ. ಧನದ ತುದಿ ಚಕ್ಕೆಯ ಕಡೆ ತಿರುಗಿ ಅಂಟುತ್ತದೆ, ಅದರ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ನೀರು ಸ್ವಲ್ಪವಿದ್ದಾಗ ಎರಡು ಚಕ್ಕೆಗಳನ್ನು ಕೂಡಿಸುವ ಅದೇ ನೀರು, ಹೆಚ್ಚಾದಾಗ ಅವುಗಳನ್ನು ದೂರ ತಳ್ಳುತ್ತದೆ.

ರೈತರಿಗೆ ಗೊತ್ತಿರುವ ಇನ್ನೊಂದು ಸಂಗತಿಯೂ ಇಲ್ಲಿದೆ. ಬಿಸಿಲಿಗೆ ಕಾದ ಹೆಂಟೆ ಮೊದಲ ಮಳೆಗೆ ಪುಡಿಪುಡಿಯಾಗುತ್ತದೆ. ಸ್ವಲ್ಪ ತೇವ ಉಳಿದ ಹೆಂಟೆ ಅಷ್ಟು ಬೇಗ ಒಡೆಯುವುದಿಲ್ಲ. ಒಣ ಹೆಂಟೆಯ ಸಣ್ಣ ಸಣ್ಣ ರಂಧ್ರಗಳು ನೀರನ್ನು ಎಲ್ಲ ಕಡೆಯಿಂದಲೂ ಒಮ್ಮೆಗೇ ಹೀರುತ್ತವೆ. ಒಳಗಿದ್ದ ಗಾಳಿಗೆ ಹೊರಬರಲು ದಾರಿ ಇರುವುದಿಲ್ಲ. ಅದು ಒತ್ತಿಕೊಂಡು ಕೊನೆಗೆ ಮಣ್ಣನ್ನೇ ಒಡೆದುಕೊಂಡು ಹೊರಬರುತ್ತದೆ. ಮಾಡು ಕಳೆದುಕೊಂಡ ಮಣ್ಣಿನ ಗೋಡೆಯ ನೆತ್ತಿಯಲ್ಲೂ ಇದೇ ನಡೆಯುತ್ತದೆ. ಬೇಸಿಗೆಯಲ್ಲಿ ಎಷ್ಟು ಒಣಗಿತ್ತೋ ಮುಂಗಾರಿನಲ್ಲಿ ಅಷ್ಟು ಬೇಗ ಉದುರುತ್ತದೆ.

ಕೆಂಪು ಮಣ್ಣು, ಎರೆಮಣ್ಣು

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಕೆಂಪು ಮಣ್ಣೂ ಇದೆ, ಕಪ್ಪು ಎರೆಮಣ್ಣೂ ಇದೆ. ಮನೆ ಕಟ್ಟುವವರು ಈ ಎರಡನ್ನೂ ಒಂದೇ ಎಂದು ಎಣಿಸಬಾರದು. ಕೆಂಪು ಮಣ್ಣಿನ ಜೇಡಿಯಲ್ಲಿ ಹೆಚ್ಚಾಗಿರುವುದು ಕಯೊಲಿನೈಟ್ ಎಂಬ ಖನಿಜ. ಅದರ ಒಂದೊಂದು ಚಕ್ಕೆಯೂ ಹಲವು ಪದರಗಳ ಕಟ್ಟು, ಆ ಪದರಗಳು ಬಿಗಿಯಾಗಿ ಕಚ್ಚಿಕೊಂಡಿರುತ್ತವೆ. ನೀರು ಚಕ್ಕೆ ಚಕ್ಕೆಯ ನಡುವೆ ಹೋಗಬಲ್ಲದು, ಚಕ್ಕೆಯ ಒಳಗಿನ ಪದರಗಳ ನಡುವೆ ಹೋಗಲಾರದು. ಎರೆಮಣ್ಣಿನ ಮಾಂಟ್‌ಮೊರಿಲೊನೈಟ್‌ನಲ್ಲಿ ಪದರಗಳ ಹಿಡಿತ ಸಡಿಲ. ನೀರು ಅದರ ಒಳಗೂ ನುಗ್ಗಿ ಮಣ್ಣನ್ನು ಉಬ್ಬಿಸುತ್ತದೆ, ಆರಿದಾಗ ಅಷ್ಟೇ ಕುಗ್ಗಿಸುತ್ತದೆ. ಬೇಸಿಗೆಯಲ್ಲಿ ಎರೆ ಹೊಲ ಕಾಲು ತೂರುವಷ್ಟು ಬಿರುಕು ಬಿಡುವುದು ಇದರಿಂದ. ಎರೆಭೂಮಿಯ ಮೇಲೆ ಸರಿಯಾದ ಪಾಯ ಇಲ್ಲದೆ ಕಟ್ಟಿದ ಸಿಮೆಂಟ್ ಮನೆಯ ಗೋಡೆ ಓರೆಯಾಗಿ ಸೀಳುವುದೂ ಇದರಿಂದಲೇ. ಬೆಳೆಗೆ ತೇವ ಹಿಡಿದಿಟ್ಟು ಕೊಡುವ ಮಣ್ಣು ಗೋಡೆಗೆ ಒಗ್ಗುವುದಿಲ್ಲ.

ಬೆಂಕಿ ಮಾಡುವ ಕೆಲಸ

ಈಗ ಹಸಿ ಇಟ್ಟಿಗೆಯನ್ನು ಗೂಡಿಗೆ ಹಾಕೋಣ. ಮೊದಲ ನೂರು ಡಿಗ್ರಿಯಲ್ಲಿ ಹೋಗುವುದು ರಂಧ್ರಗಳಲ್ಲಿ ಉಳಿದ ತೇವ. ಇಷ್ಟಕ್ಕೇ ನಿಲ್ಲಿಸಿದರೆ ಬಿಸಿಲಿಗೆ ಒಣಗಿಸಿದ್ದಕ್ಕಿಂತ ಹೆಚ್ಚೇನೂ ಆಗಿರುವುದಿಲ್ಲ. 500ರಿಂದ 600 ಡಿಗ್ರಿ ಸೆಲ್ಸಿಯಸ್ ದಾಟುವಾಗ ದೊಡ್ಡ ಘಟನೆ ನಡೆಯುತ್ತದೆ. ಚಕ್ಕೆಯ ಸ್ಫಟಿಕದೊಳಗೇ, ಅದರ ಕಟ್ಟಡದ ಭಾಗವಾಗಿ ಸೇರಿಹೋಗಿದ್ದ ಜಲಾಂಶ ಹರಿದು ಹೊರಬರುತ್ತದೆ. ಪದರಗಳ ಅಚ್ಚುಕಟ್ಟು ಮುರಿಯುತ್ತದೆ. ಮತ್ತೆ ನೀರಿನಲ್ಲಿ ನೆನೆಸಿದರೆ ಅದು ಜೇಡಿಯಾಗಿ ಮರಳುವುದಿಲ್ಲ. ಇನ್ನೂ ಮೇಲೆ, 900ರಿಂದ 1,000 ಡಿಗ್ರಿಯ ಸುತ್ತ, ಮಣ್ಣಿನಲ್ಲಿರುವ ಕಬ್ಬಿಣ, ಪೊಟ್ಯಾಸಿಯಂ, ಸೋಡಿಯಂ ಅಂಶಗಳ ನೆರವಿನಿಂದ ಅದು ಅಲ್ಲಲ್ಲಿ ಕರಗಿ ಗಾಜಿನಂತಾಗುತ್ತದೆ. ಆ ಗಾಜು ತಣಿದು ಮರಳಿನ ಕಣಗಳನ್ನು ಹಿಡಿದುಕೊಳ್ಳುತ್ತದೆ. ಚೆನ್ನಾಗಿ ಬೆಂದ ಎರಡು ಇಟ್ಟಿಗೆಗಳನ್ನು ತಾಕಿಸಿದಾಗ ಕಣಕಣ ಎನ್ನುವುದು ಈ ಬೆಸುಗೆಯ ದನಿ. ಗೂಡಿನ ಹೊರಮೈಯಲ್ಲಿ ಅರೆಬೆಂದ ಇಟ್ಟಿಗೆ ಮಂಕಾಗಿ ಸದ್ದು ಮಾಡುತ್ತದೆ, ಮಳೆಯಲ್ಲಿ ಅದರ ಅಂಚು ಉದುರುತ್ತದೆ.

ನಮ್ಮ ಪ್ರಶ್ನೆಗೆ ಉತ್ತರ ಇಷ್ಟೇ. ಬೆಂಕಿ ಎಲೆಕಟ್ಟನ್ನು ಒಂದೇ ಹಲಗೆಯಾಗಿ ಬೆಸೆದುಬಿಡುತ್ತದೆ. ಬಿಡಿಸಲು ನೀರಿಗೆ ಸಂದೇ ಉಳಿಯುವುದಿಲ್ಲ.

ಸುಟ್ಟ ಜೇಡಿಗೆ ಇನ್ನೊಂದು ಗುಣವೂ ಬರುತ್ತದೆ, ಸುಣ್ಣದೊಡನೆ ಕೂಡಿಕೊಳ್ಳುವ ಹಸಿವು. ಹಳೆಯ ಗಾರೆಯಲ್ಲಿ ಸುಣ್ಣದ ಜೊತೆ ಇಟ್ಟಿಗೆಯ ಪುಡಿ ಬೆರೆಸುತ್ತಿದ್ದುದು ಇದಕ್ಕಾಗಿ. ಇಂದು 700ರಿಂದ 800 ಡಿಗ್ರಿಯಷ್ಟೇ ಕಾಯಿಸಿದ ಜೇಡಿಯನ್ನೂ ಸುಡದ ಸುಣ್ಣಕಲ್ಲಿನ ಪುಡಿಯನ್ನೂ ಬೆರೆಸಿದ ಎಲ್‌ಸಿ3 ಎಂಬ ಸಿಮೆಂಟ್ ಬರುತ್ತಿದೆ. ಸ್ವಿಟ್ಜರ್ಲೆಂಡಿನ ವಿಜ್ಞಾನಿಗಳ ಜೊತೆ ನಮ್ಮ ಐಐಟಿಗಳೂ ಅದಕ್ಕೆ ದುಡಿದಿವೆ. ಮೂಲದಲ್ಲಿ ಅದು ಆ ಗಾರೆಯವರ ತಿಳಿವಳಿಕೆಯೇ.

ಗೋಡೆಯೊಳಗೆ ಅಡಗಿದ ಉರಿ

ಒಂದು ವಸ್ತು ನಮ್ಮ ಗೋಡೆ ಸೇರುವವರೆಗೆ ಅದಕ್ಕೆ ಖರ್ಚಾದ ಶಕ್ತಿಯನ್ನೆಲ್ಲ ಕೂಡಿಸಿದರೆ ಬರುವುದನ್ನು ಅಡಗಿದ ಉರಿ ಎನ್ನೋಣ; ವಿಜ್ಞಾನಿಗಳು ಎಂಬಾಡಿಡ್ ಎನರ್ಜಿ ಎನ್ನುತ್ತಾರೆ. ನಮ್ಮ ಪುಣ್ಯಕ್ಕೆ ಈ ಲೆಕ್ಕವನ್ನು ಹೊರದೇಶದಿಂದ ಎರವಲು ತರಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ ನಮ್ಮಲ್ಲಿ ಬಳಸುವ ವಸ್ತುಗಳನ್ನೇ ಅಳೆದು 2003ರಲ್ಲಿ ಪ್ರಕಟಿಸಿದರು. ಒಂದು ಘನ ಮೀಟರ್ ಸುಟ್ಟ ಇಟ್ಟಿಗೆಯ ಗೋಡೆಗೆ ಅವರ ಲೆಕ್ಕದಲ್ಲಿ 2,141 ಮೆಗಾಜೂಲ್ ಶಕ್ತಿ ಬೇಕು. ಈ ಅಂಕಿಯನ್ನು ಹಳ್ಳಿಯ ಮನೆಗೆ ಇಳಿಸೋಣ. 30 ಅಡಿ ಉದ್ದ, 20 ಅಡಿ ಅಗಲ, ಒಳಗೆ ಎರಡು ಅಡ್ಡಗೋಡೆ, 9 ಅಂಗುಲ ದಪ್ಪ, 10 ಅಡಿ ಎತ್ತರ. ಬಾಗಿಲು ಕಿಟಕಿ ಕಳೆದರೆ ಸುಮಾರು 25 ಘನ ಮೀಟರ್ ಗೋಡೆ. ಅದರಲ್ಲಿ ಅಡಗಿದ ಉರಿ 80ಕ್ಕೂ ಹೆಚ್ಚು ಅಡುಗೆ ಅನಿಲದ ಸಿಲಿಂಡರ್‌ಗಳಷ್ಟಾಯಿತು. ತಿಂಗಳಿಗೊಂದು ಸಿಲಿಂಡರ್ ಬಳಸುವ ಕುಟುಂಬಕ್ಕೆ ಅದು ಏಳು ವರ್ಷದ ಅಡುಗೆ. ಇದು ಗೋಡೆಯದು ಮಾತ್ರ. ಪಾಯ, ತಾರಸಿ, ನೆಲ ಇನ್ನೂ ಲೆಕ್ಕಕ್ಕೆ ಬಂದಿಲ್ಲ.

ಈ ಉರಿ ನಮ್ಮಲ್ಲಿ ಸೌದೆಯಿಂದ, ಕಲ್ಲಿದ್ದಲಿನಿಂದ, ಹೊಟ್ಟಿನಿಂದ ಬರುತ್ತದೆ. ಸರಿಯಾಗಿ ಉರಿಯದ ಗೂಡು ಮಸಿ ಕಾರುತ್ತದೆ. ಅದರ ಅತಿ ಸಣ್ಣ ಕಣಗಳು ಶ್ವಾಸಕೋಶದ ತಳದವರೆಗೆ ಇಳಿಯುತ್ತವೆ. ಇಟ್ಟಿಗೆಯ ಮಣ್ಣು ಕೆರೆಯ ಹೂಳಿನಿಂದ ಬಂದರೆ ಕೆರೆಗೂ ಲಾಭ. ಹೊಲದ ಮೇಲ್ಮಣ್ಣಿನಿಂದ ಬಂದರೆ ರಾಗಿಯನ್ನೂ ಜೋಳವನ್ನೂ ಸಾಕಿದ ಒಂದಡಿ ಮಣ್ಣು ಲಾರಿ ಹತ್ತಿ ಹೋಗುತ್ತದೆ, ಹೊಲ ತಗ್ಗಾಗುತ್ತದೆ. ಆ ಒಂದಡಿ ಮತ್ತೆ ಕೂಡಲು ಸಾವಿರಾರು ವರ್ಷ ಬೇಕು.

ಸಿಮೆಂಟಿನ ಕತೆಯಲ್ಲಿ ಇನ್ನೊಂದು ತಿರುವಿದೆ. ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ 1824ರಲ್ಲಿ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ ಹಕ್ಕುಪತ್ರ ಪಡೆದ. ಸುಣ್ಣಕಲ್ಲನ್ನೂ ಜೇಡಿಯನ್ನೂ ಕೂಡಿಸಿ ಈಗ ಸುಮಾರು 1,450 ಡಿಗ್ರಿಗೆ ಕಾಯಿಸುತ್ತಾರೆ. ಉರಿಸಿದ ಕಲ್ಲಿದ್ದಲಿನಿಂದ ಇಂಗಾಲದ ಡೈಆಕ್ಸೈಡ್ ಬರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಅದಕ್ಕಿಂತ ಹೆಚ್ಚು ಬರುವುದು ಕಲ್ಲಿನಿಂದಲೇ. 100 ಕಿಲೋ ಶುದ್ಧ ಸುಣ್ಣಕಲ್ಲು ಸುಟ್ಟರೆ ಉಳಿಯುವ ಸುಣ್ಣ 56 ಕಿಲೋ, ಉಳಿದ 44 ಕಿಲೋ ಅನಿಲವಾಗಿ ಗಾಳಿಗೆ ಹೋಗುತ್ತದೆ. ನಾಳೆ ಗೂಡನ್ನು ಪೂರ್ತಿ ಬಿಸಿಲಿನಿಂದ ಕಾಯಿಸಿದರೂ ಈ 44 ಕಿಲೋ ತಪ್ಪುವುದಿಲ್ಲ. ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7–8 ಪಾಲು ಸಿಮೆಂಟಿನದು. ಅದನ್ನು ತಯಾರಿಸುವ ದೇಶಗಳಲ್ಲಿ ಚೀನಾದ ನಂತರ ನಾವೇ.

ಹೊಸದಾಗಿ ಒಡೆದ ಕಲ್ಲಿನ ಧೂಳು

ಗಾಳಿಗೆ ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಕ್ವಾರಿಯ ಧೂಳು ಕಾಣುತ್ತದೆ. ಚಾಮರಾಜನಗರದ ಕರಿಕಲ್ಲು ಹೊರದೇಶಗಳಿಗೂ ಹೋಗುತ್ತದೆ; ಗುಂಡ್ಲುಪೇಟೆ ಕಡೆಯ ಬಿಳಿಕಲ್ಲು ಜಲ್ಲಿಯಾಗಿ, ಎಂ ಸ್ಯಾಂಡ್ ಆಗಿ ಕಟ್ಟಡ ಸೇರುತ್ತದೆ. 2022ರ ಮಾರ್ಚ್‌ನಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿ ಗುಡ್ಡದ ಕಲ್ಲುಗಣಿ ಕುಸಿದು ಕಾರ್ಮಿಕರು ಬಂಡೆಗಳ ಕೆಳಗೆ ಸತ್ತರು. ಆ ಸುದ್ದಿ ನಾಡಿಗೆಲ್ಲ ತಲುಪಿತು. ಕಲ್ಲಿನ ಧೂಳಿನಿಂದ ಬರುವ ಸಾವು ಹತ್ತಿಪ್ಪತ್ತು ವರ್ಷ ತೆಗೆದುಕೊಳ್ಳುತ್ತದೆ, ಸುದ್ದಿಯಾಗುವುದಿಲ್ಲ.

ಬಿಳಿ ಗ್ರಾನೈಟ್ ಜಾತಿಯ ಕಲ್ಲಿನಲ್ಲಿ ಬೆಣಚು ಧಾರಾಳ. ಒಡೆದಾಗ, ಕೊರೆದಾಗ, ಕತ್ತರಿಸಿದಾಗ ಬೆಣಚಿನ ಅತಿ ಸಣ್ಣ ಕಣಗಳು ಮೂಗಿನ ಕೂದಲನ್ನೂ ಗಂಟಲಿನ ಲೋಳೆಯನ್ನೂ ದಾಟಿ ಶ್ವಾಸಕೋಶದ ಕೊನೆಯ ಗುಳ್ಳೆಗಳವರೆಗೆ ಇಳಿಯುತ್ತವೆ. ಅಲ್ಲಿ ಕಸ ನುಂಗುವ ಕಾವಲು ಕೋಶಗಳಿವೆ. ಅವು ಬೆಣಚನ್ನು ನುಂಗುತ್ತವೆ, ಜೀರ್ಣಿಸಿಕೊಳ್ಳಲಾರದೆ ಸಾಯುತ್ತವೆ. ಸಾಯುವಾಗ ಕಣ ಮತ್ತೆ ಹೊರಬೀಳುತ್ತದೆ, ಇನ್ನೊಂದು ಕೋಶ ಅದನ್ನು ನುಂಗುತ್ತದೆ. ಪ್ರತಿ ಸಲವೂ ಸುತ್ತಲಿನ ಅಂಗಾಂಶ ಉರಿದು ಗಾಯದ ಕಲೆಯಾಗಿ ಗಟ್ಟಿಯಾಗುತ್ತ ಹೋಗುತ್ತದೆ. ಇದು ಸಿಲಿಕೋಸಿಸ್. ಇದನ್ನು ವಾಸಿ ಮಾಡುವ ಔಷಧಿ ಇಲ್ಲ, ಧೂಳಿನ ಕೆಲಸ ಬಿಟ್ಟ ಮೇಲೂ ಅದು ಮುಂದುವರಿಯಬಹುದು, ಕ್ಷಯಕ್ಕೆ ಬಾಗಿಲು ತೆರೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 1997ರಲ್ಲಿ ಬೆಣಚಿನ ಧೂಳನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು.

ಹೊಲದ ಮಣ್ಣಿನಲ್ಲೂ ಮರಳಿದೆ, ಮರಳಿನಲ್ಲೂ ಬೆಣಚಿದೆ. ಆದರೆ ಸಾವಿರಾರು ವರ್ಷ ಮಳೆ ಬಿಸಿಲಿಗೆ ಸವೆದ ಬೆಣಚಿಗಿಂತ ಈಗಷ್ಟೇ ಒಡೆದ ಬೆಣಚು ಹೆಚ್ಚು ಅಪಾಯಕಾರಿ. ಒಡೆದ ಮೈಯಲ್ಲಿ ಅಣುಗಳ ಕೈಗಳು ತುಂಡಾಗಿ ತೆರೆದಿರುತ್ತವೆ, ಅವು ಜೀವಕೋಶದ ಪೊರೆಯನ್ನು ಕೆಡಿಸುತ್ತವೆ. ಕ್ರಷರ್‌ನ ಬುಡದಲ್ಲಿ ನಿಂತವರಿಗೂ, ಮುಚ್ಚಿದ ಕೋಣೆಯಲ್ಲಿ ಗ್ರಾನೈಟ್ ಚಪ್ಪಡಿಯನ್ನು ಒಣಗಿದ್ದಂತೆಯೇ ಯಂತ್ರದಲ್ಲಿ ಕುಯ್ಯುವ ಹುಡುಗನಿಗೂ ಸಿಗುವುದು ಈ ಹೊಸ ಧೂಳು. ಮುಖಕ್ಕೆ ಕಟ್ಟಿದ ಟವೆಲು ಅದನ್ನು ತಡೆಯುವುದಿಲ್ಲ. ಕುಯ್ಯುವ ಜಾಗಕ್ಕೆ ಸಣ್ಣಗೆ ನೀರು ಹರಿಸಿದರೆ ಬಹುಪಾಲು ತಡೆಯುತ್ತದೆ. ಮನೆ ಕಟ್ಟಿಸುವವರು ಇಷ್ಟನ್ನಾದರೂ ಹಟ ಹಿಡಿದು ಮಾಡಿಸಬೇಕು. ಒಂದು ಪೈಪಿನ ಖರ್ಚಿಗೆ ಒಬ್ಬನ ಆಯಸ್ಸು ಉಳಿಯುತ್ತದೆ.

ಸಿಮೆಂಟ್ ಕಲಸುವವರ ಕೈ ಬಿರಿಯುವುದಕ್ಕೂ ಕಾರಣವಿದೆ. ಹಸಿ ಸಿಮೆಂಟ್ ಸುಣ್ಣದಂತೆಯೇ ಪ್ರಬಲ ಕ್ಷಾರ, ಅದರಲ್ಲಿ ಚರ್ಮಕ್ಕೆ ಅಲರ್ಜಿ ತರುವ ಕ್ರೋಮಿಯಂ ಅಂಶವೂ ಇರುತ್ತದೆ. ಹಳ್ಳಿಯಲ್ಲಿ ಸಿಮೆಂಟ್ ಶೀಟು ಎಂದು ಕರೆಯುವ ಹೊದಿಕೆಯ ಬಹುಪಾಲಿನಲ್ಲಿ ಕಲ್ನಾರು ಸೇರಿದೆ. ಶೀಟು ಸುಮ್ಮನೆ ಮಾಡಿನ ಮೇಲಿದ್ದಾಗ ಅಪಾಯ ಕಡಿಮೆ. ಕುಯ್ದಾಗ, ತೂತು ಕೊರೆದಾಗ, ಹಳತಾಗಿ ಪುಡಿಯಾದಾಗ ಅದರ ಎಳೆಗಳು ಗಾಳಿಗೆ ಬರುತ್ತವೆ, ಅವು ತರುವ ಕ್ಯಾನ್ಸರ್ ಹಲವು ದಶಕಗಳ ನಂತರ ಕಾಣಿಸಿಕೊಳ್ಳುತ್ತದೆ. ಒಡೆದ ಶೀಟಿನ ಚೂರನ್ನು ಅಂಗಳಕ್ಕೆ, ಕೊಟ್ಟಿಗೆಯ ನೆಲಕ್ಕೆ ಹಾಸಬಾರದು.

ಉರಿಯಿಲ್ಲದೆ ಕಟ್ಟುವುದು

ನೀರು ಚಕ್ಕೆಗಳನ್ನು ಬಿಡಿಸದಂತೆ ತಡೆದರೆ ಮಣ್ಣಿನ ಗೋಡೆ ಗೆದ್ದಂತೆ ಎಂದಾದರೆ, ಅದಕ್ಕೆ ಇಡೀ ಇಟ್ಟಿಗೆಯನ್ನು 1,000 ಡಿಗ್ರಿಗೆ ಕಾಯಿಸಲೇಬೇಕೆ? ಎಲೆಗಳನ್ನು ಬೆಸೆಯುವ ಬದಲು ಕಟ್ಟಿಗೆ ದಾರ ಬಿಗಿದರೆ ಸಾಲದೆ?

ಈ ಪ್ರಶ್ನೆಯನ್ನು ಹಿಡಿದು ಹೊರಟವರು ಕರ್ನಾಟಕದಲ್ಲೇ ಇದ್ದರು. 1974ರಲ್ಲಿ ಎ.ಕೆ.ಎನ್. ರೆಡ್ಡಿಯವರ ಮುಂದಾಳತ್ವದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಸ್ತ್ರ ಎಂಬ ತಂಡ ಹುಟ್ಟಿತು. ವಿಜ್ಞಾನವನ್ನು ಹಳ್ಳಿಯ ಬದುಕಿಗೆ ಒದಗಿಸುವುದು ಅದರ ಗುರಿ. ಕುಣಿಗಲ್ ತಾಲ್ಲೂಕಿನ ಉಂಗ್ರ ಅದರ ಪ್ರಯೋಗದ ಊರಾಯಿತು. ಅಸ್ತ್ರ ಒಲೆ ಎಂದರೆ ಇಂದಿಗೂ ಹಲವರಿಗೆ ನೆನಪಿದೆ. ಅದೇ ತಂಡದ ಜಗದೀಶ್ ಮತ್ತು ಜೊತೆಗಾರರು ಮಣ್ಣನ್ನು ಕೈಯಿಂದ ಒತ್ತುವ ಯಂತ್ರಗಳನ್ನು ರೂಪಿಸಿ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು ದಶಕಗಳ ಕಾಲ ಪರೀಕ್ಷಿಸಿದರು. ಬೇರೆ ಕಡೆಯೂ ಇದರ ಬೇರುಗಳಿದ್ದವು. ದೇಶ ವಿಭಜನೆಯಾದಾಗ ಬಂದ ನಿರಾಶ್ರಿತರಿಗಾಗಿ ಕರ್ನಾಲ್‌ನಲ್ಲಿ ಸಿಮೆಂಟ್ ಬೆರೆಸಿದ ಮಣ್ಣಿನ ಸಾವಿರಾರು ಮನೆಗಳೆದ್ದಿದ್ದವು. 1950ರ ದಶಕದಲ್ಲಿ ಕೊಲಂಬಿಯಾದಲ್ಲಿ ರೌಲ್ ರಾಮಿರೆಸ್ ಎಂಬ ಎಂಜಿನಿಯರ್ ಸನ್ನೆಕೋಲಿನ ಒತ್ತುಯಂತ್ರ ಮಾಡಿದ್ದ.

ಈ ಇಟ್ಟಿಗೆಯಲ್ಲಿ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಅಚ್ಚಿನಲ್ಲಿ ತೇವದ ಮಣ್ಣನ್ನು ಬಲವಾಗಿ ಒತ್ತಿದಾಗ ಕಣಗಳ ನಡುವಿನ ಗಾಳಿ ಹೊರಹೋಗುತ್ತದೆ, ನೀರು ನುಗ್ಗುವ ದಾರಿಗಳು ಕಿರಿದಾಗುತ್ತವೆ. ಇದೊಂದೇ ಸಾಲದು, ಒತ್ತಿದ ಮಣ್ಣನ್ನು ನೀರಿನಲ್ಲಿಟ್ಟರೆ ತಡವಾಗಿ ಕರಗುತ್ತದೆ, ಆದರೂ ಕರಗುತ್ತದೆ. ಎರಡನೆಯ ಕೆಲಸ ಸಿಮೆಂಟಿನದು. ಮಣ್ಣಿನ ತೂಕದ ನೂರಕ್ಕೆ 6ರಿಂದ 8 ಪಾಲು ಸಿಮೆಂಟ್ ನೀರು ಕುಡಿದು ಕೂದಲಿಗಿಂತ ಸಾವಿರಾರು ಪಟ್ಟು ನವಿರಾದ ಎಳೆಗಳನ್ನು ಬಿಡುತ್ತದೆ. ಅವು ಮರಳಿನ ಕಣದಿಂದ ಕಣಕ್ಕೆ ಹಬ್ಬಿ ಹೆಣೆದುಕೊಂಡು ಬಲೆಯಾಗುತ್ತವೆ. ಜೇಡಿಯ ಎಲೆಗಳು ಆ ಬಲೆಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುತ್ತವೆ. ನೀರು ಒಳಗೆ ಬಂದರೂ ಅವುಗಳಿಗೆ ಚದುರಲು ಜಾಗವಿಲ್ಲ.

ಅಂಟಂಟಾದ ಮಣ್ಣೇ ಇಟ್ಟಿಗೆಗೆ ಒಳ್ಳೆಯದು ಎಂಬ ನಂಬಿಕೆ ಇಲ್ಲಿ ತಲೆಕೆಳಗಾಗುತ್ತದೆ. ಜೇಡಿ ಹೆಚ್ಚಾದರೆ ಬಲೆ ಹಿಡಿಯಬೇಕಾದ ಮೈಯೂ ಹೆಚ್ಚು, ಉಬ್ಬುವ ಒತ್ತಡವೂ ಹೆಚ್ಚು. ಅಷ್ಟು ಸಿಮೆಂಟ್ ಸಾಲದು. ಜೇಡಿ ತೀರ ಕಡಿಮೆಯಾದರೆ ಅಚ್ಚಿನಿಂದ ತೆಗೆಯುವಾಗಲೇ ಇಟ್ಟಿಗೆ ಉದುರುತ್ತದೆ. ಮರಳು ಮೂರರಲ್ಲಿ ಎರಡು ಪಾಲು, ಜೇಡಿ ನೂರಕ್ಕೆ 10ರ ಆಸುಪಾಸು ಇರುವ ಕೆಂಪು ಮಣ್ಣು ಇದಕ್ಕೆ ಹದವಾದದ್ದು. ಅಂಟು ಜಾಸ್ತಿ ಇದ್ದರೆ ಮರಳು ಬೆರೆಸಿ ಸರಿಪಡಿಸಬಹುದು. ಎರೆಮಣ್ಣಿಗೆ ಈ ವಿಧಾನ ಒಗ್ಗುವುದಿಲ್ಲ; ಅದರ ಜೇಡಿಯನ್ನು ಪಳಗಿಸಲು ಸುಣ್ಣ ಬೇಕು, ಕಾಲವೂ ಬೇಕು. ಒತ್ತಿದ ಇಟ್ಟಿಗೆಯನ್ನು ಗೋಣಿಯಿಂದ ಮುಚ್ಚಿ ಮೂರು ನಾಲ್ಕು ವಾರ ನೀರುಣಿಸಲೇಬೇಕು. ಇದರಲ್ಲಿ ಅವಸರ ಮಾಡಿದವರ ಇಟ್ಟಿಗೆಯೇ ಉದುರಿ, ಮಣ್ಣಿನ ಇಟ್ಟಿಗೆಗೆ ಕೆಟ್ಟ ಹೆಸರು ಬರುತ್ತದೆ.

ಇಂಥ ಇಟ್ಟಿಗೆಯೊಂದರ ತೂಕ ಸುಮಾರು 8 ಕಿಲೋ, ಗಾತ್ರ ಸುಟ್ಟ ಇಟ್ಟಿಗೆಯ ಎರಡೂವರೆ ಪಟ್ಟು. ಒಂದು ಮೂಟೆ ಸಿಮೆಂಟಿಗೆ 90ರಷ್ಟು ಇಟ್ಟಿಗೆ ಆಗುತ್ತವೆ. ವೆಂಕಟರಾಮ ರೆಡ್ಡಿ ಮತ್ತು ಜಗದೀಶರ ಲೆಕ್ಕದಲ್ಲಿ ಇದರ ಗೋಡೆಗೆ ಒಂದು ಘನ ಮೀಟರಿಗೆ 646ರಿಂದ 810 ಮೆಗಾಜೂಲ್ ಬೇಕು. ನಾವು ಲೆಕ್ಕ ಹಾಕಿದ ಮನೆಯ 80 ಸಿಲಿಂಡರ್ 25–30ಕ್ಕೆ ಇಳಿಯಿತು. ಉಳಿದ ಉರಿ ಬಹುಪಾಲು ಸಿಮೆಂಟಿನದೇ. ಹಾಗಾಗಿ ಭದ್ರತೆಗೆಂದು ಇನ್ನಷ್ಟು ಸಿಮೆಂಟ್ ಸುರಿಯುವುದು ಬಂದ ಲಾಭವನ್ನು ಕಳೆದುಕೊಳ್ಳುವ ದಾರಿ.

ಮಣ್ಣಿನ ಮನೆ ಬಿಟ್ಟವರ ಮಾತು

ಮಣ್ಣಿನ ಮನೆಯ ತಂಪನ್ನು ಹೊಗಳುವುದು ನಗರದಲ್ಲಿ ಕುಳಿತವರಿಗೆ ಸುಲಭ. ಹಳ್ಳಿಯವರು ಅದನ್ನು ಬಿಟ್ಟದ್ದು ಮೂಢತನದಿಂದಲ್ಲ. ಗೋಡೆಯ ಬುಡ ಕೊರೆಯುವ ಇಲಿ, ತೊಲೆ ಹತ್ತುವ ಗೆದ್ದಲು, ಬಿಲದಲ್ಲಿ ಸೇರುವ ಹಾವು ಎಲ್ಲವೂ ನಿಜ. 2022ರ ಭಾರಿ ಮಳೆಗೆ ಚಾಮರಾಜನಗರ ಜಿಲ್ಲೆಯ ಕೆರೆಗಳು ಕೋಡಿ ಬಿದ್ದಾಗ ಮೊದಲು ಕುಸಿದದ್ದು ಮಣ್ಣಿನ ಗೋಡೆಗಳೇ. ವಾರ ವಾರ ನೆಲಕ್ಕೆ, ಹಬ್ಬ ಹಬ್ಬಕ್ಕೆ ಗೋಡೆಗೆ ಸಗಣಿ ಮಣ್ಣಿನ ಸಾರಣೆ ಮಾಡಿದವರು ಹೆಂಗಸರು. ಸಿಮೆಂಟ್ ನೆಲ ಅವರ ಬೆನ್ನನ್ನು ಉಳಿಸಿತು. ಅದನ್ನು ಮರೆತು ಹಿಂದಿನದೇ ಚೆನ್ನಾಗಿತ್ತು ಎನ್ನುವ ಮಾತಿನಲ್ಲಿ ನ್ಯಾಯವಿಲ್ಲ. ಮಣ್ಣಿನ ಮನೆಗೆ ಹೆಣ್ಣು ಕೊಡಲು ಹಿಂದೆಗೆಯುವ ತಂದೆ ತಾಯಿಯ ಲೆಕ್ಕದಲ್ಲೂ ಮಗಳ ದುಡಿಮೆ ಸೇರಿದೆ.

ಒತ್ತಿದ ಇಟ್ಟಿಗೆಯ ಗೋಡೆಗೆ ಸಾರಣೆ ಬೇಕಿಲ್ಲ. ಕಲ್ಲಿನ ಪಾಯವನ್ನು ನೆಲದಿಂದ ಒಂದೂವರೆ ಎರಡು ಅಡಿ ಎತ್ತರಿಸಿ, ಸೂರನ್ನು ಎರಡಡಿ ಮುಂದೆ ಚಾಚಿದರೆ ಮಳೆಯ ಎರಚಲು ತಾಗುವುದು ಅಪರೂಪ. ಗೋಡೆಯೂ ಇಲಿ ಕೊರೆಯಲಾರದಷ್ಟು ಗಟ್ಟಿ. ಬೆಂಗಳೂರಿನಲ್ಲಿ ಚಿತ್ರಾ ವಿಶ್ವನಾಥ್ ಅವರಂಥ ವಾಸ್ತುಶಿಲ್ಪಿಗಳು ಇದೇ ಬಗೆಯ ಮಣ್ಣಿನಿಂದ, ಹಲವೊಮ್ಮೆ ಅದೇ ನಿವೇಶನದಲ್ಲಿ ಅಗೆದ ಮಣ್ಣಿನಿಂದಲೇ, ಸುಸಜ್ಜಿತ ಮನೆಗಳನ್ನು ಕಟ್ಟಿದ್ದಾರೆ. ನಗರದ ಅನುಕೂಲಸ್ಥರು ಆರಿಸಿಕೊಳ್ಳುವುದನ್ನು ಹಳ್ಳಿಯ ಗಾರೆ ಕೆಲಸದವರು ಕಲಿಯಲು ಅವಕಾಶವೇ ಸಿಕ್ಕಿಲ್ಲ ಎಂಬುದು ನನಗೆ ಬೇಸರದ ವಿಷಯ. ತಂತ್ರವನ್ನು ಹುಡುಕಿದ್ದು ಉಂಗ್ರದಂಥ ಊರಿಗಾಗಿ.

ತಾರಸಿಯ ಲೆಕ್ಕ

ಮಾಡಿನ ವಿಚಾರದಲ್ಲಿ ಮಣ್ಣಿಗೆ ಮಿತಿ ಇದೆ. ಮೇಲೆ ಭಾರ ಬಿದ್ದಾಗ ತಾರಸಿ ಕೂದಲೆಳೆಯಷ್ಟು ಕೆಳಗೆ ಬಾಗುತ್ತದೆ; ಅದರ ಮೇಲ್ಭಾಗ ಒತ್ತಿಕೊಳ್ಳುತ್ತದೆ, ಕೆಳಭಾಗ ಎಳೆದುಕೊಳ್ಳುತ್ತದೆ. ಕಾಂಕ್ರೀಟು ಒತ್ತಡ ತಡೆಯುತ್ತದೆ, ಎಳೆತವನ್ನು ಅದರ ಹತ್ತರಲ್ಲೊಂದು ಪಾಲಿನಷ್ಟು ತಡೆಯುವುದೂ ಕಷ್ಟ. ಕೆಳಗೆ ಎಳೆತ ಹೊರುವುದು ಕಬ್ಬಿಣ, ಅಲ್ಲಿನ ಕಾಂಕ್ರೀಟು ಕಬ್ಬಿಣವನ್ನು ಹಿಡಿದುಕೊಂಡಿರುವುದಷ್ಟೇ. ಹಾಗಾದರೆ ಕಂಬಿಗಳ ನಡುವಿನ ಆ ಜಾಗಕ್ಕೆ ಹಳೆಯ ಮಂಗಳೂರು ಹೆಂಚನ್ನು ಜೋಡಿಸಿ ಮೋಲ್ಡ್ ಹಾಕಿದರೆ ಬಲ ಕುಂದುವುದಿಲ್ಲ, ಸಿಮೆಂಟ್ ಉಳಿಯುತ್ತದೆ. ಕೇರಳದಲ್ಲಿ ಲಾರಿ ಬೇಕರ್ ಜನಪ್ರಿಯಗೊಳಿಸಿದ ಈ ತಾರಸಿಗೆ ನಮ್ಮಲ್ಲಿ ಸಾಮಗ್ರಿಯ ಕೊರತೆಯಿಲ್ಲ. ಬಾಸೆಲ್ ಮಿಷನ್ 1865ರಲ್ಲಿ ಮಂಗಳೂರಿನಲ್ಲಿ ಶುರುಮಾಡಿದ ಹೆಂಚು ಹಳೆಯ ಮನೆಗಳಿಂದ ಇಳಿಯುತ್ತಲೇ ಇದೆ. ಕಂಬಿಯ ಲೆಕ್ಕವನ್ನು ಮಾತ್ರ ಎಂಜಿನಿಯರರಿಂದಲೇ ಮಾಡಿಸಬೇಕು. ಬೇಸಿಗೆಯ ರಾತ್ರಿ ಫ್ಯಾನು ಬಿಸಿಗಾಳಿ ಬೀಸುವುದೂ ತಾರಸಿಯಿಂದ. ಹಗಲಿಡೀ ಕುಡಿದ ಬಿಸಿಲು ಅದರ ದಪ್ಪವನ್ನು ದಾಟಿ ಒಳಗೆ ಬರುವಷ್ಟರಲ್ಲಿ ಸಂಜೆಯಾಗಿರುತ್ತದೆ. ಹೆಂಚಿನ ಸಂದಿನಲ್ಲಿ ಸಿಕ್ಕಿದ ಗಾಳಿ ಆ ಶಾಖವನ್ನು ಸ್ವಲ್ಪ ತಡೆಯುತ್ತದೆ, ಮೇಲೆ ಬಳಿದ ಬಿಳಿ ಸುಣ್ಣ ಇನ್ನಷ್ಟು ತಡೆಯುತ್ತದೆ.

ಪಾಯ ತೆಗೆಯುವ ಮೊದಲು

ನೀವು ಕುದೇರಿನಲ್ಲೋ ಸಂತೇಮರಹಳ್ಳಿಯಲ್ಲೋ ಗುಂಡ್ಲುಪೇಟೆಯಲ್ಲೋ ಮನೆ ಕಟ್ಟಿಸುವವರಾದರೆ ಪಾಯ ತೆಗೆದ ಮಣ್ಣನ್ನು ಟ್ರ್ಯಾಕ್ಟರಿಗೆ ತುಂಬಿ ಕಳಿಸುವ ಮೊದಲು ಒಂದು ಕೆಲಸ ಮಾಡಿ. ಮೇಲಿನ ಒಂದಡಿಯನ್ನು ಹಿತ್ತಲಿಗೆ ಉಳಿಸಿಕೊಂಡು, ಅದರ ಕೆಳಗಿನ ಮಣ್ಣನ್ನು ಗಾಜಿನ ಬಾಟಲಿಯ ಮೂರನೆಯ ಒಂದು ಭಾಗ ತುಂಬಿ. ನೀರು ಹಾಕಿ, ಚಿಟಿಕೆ ಉಪ್ಪು ಸೇರಿಸಿ, ಚೆನ್ನಾಗಿ ಕುಲುಕಿ ಇಡಿ. ಮಾರನೆಯ ದಿನ ಪದರಗಳನ್ನು ಅಳೆಯಿರಿ. ಕೆಳಗಿನ ಮರಳಿನ ಪದರ ಒಟ್ಟು ಮಣ್ಣಿನ ಅರ್ಧಕ್ಕಿಂತ ಚೆನ್ನಾಗಿ ಹೆಚ್ಚಿದ್ದರೆ ಆ ಮಣ್ಣು ಗೋಡೆಯಾಗಬಲ್ಲದು. ಆಗ ಅದನ್ನು ಪ್ರಯೋಗಾಲಯಕ್ಕೆ ಕಳಿಸಿ, ಹತ್ತಾರು ಇಟ್ಟಿಗೆ ಒತ್ತಿಸಿ, ನೀರಿನಲ್ಲಿ ನೆನೆಸಿ ಬಲ ನೋಡಿಸಿ. ಇಂಥ ಇಟ್ಟಿಗೆಗೆ ಭಾರತೀಯ ಮಾನಕ ಬ್ಯೂರೋದ ಐಎಸ್ 1725 ಎಂಬ ಮಾನದಂಡವಿದೆ. ನಿಮ್ಮ ಎಂಜಿನಿಯರರು ಮಣ್ಣಿನ ಇಟ್ಟಿಗೆಗೆ ಲೆಕ್ಕವಿಲ್ಲ ಎಂದರೆ ಆ ಸಂಖ್ಯೆಯನ್ನು ಅವರಿಗೆ ಕೊಡಿ.